ಮೂರು ಪೆನ್ಸಿಲ್, ಮೂರು ಪೆನ್ಸಿಲ್ಸ್

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹರೂಪ)



ಸಿಕಂದರಾಬಾದಿನ ನಮ್ಮ ಮನೆಯ ಮೇಲಿನ ಮಹಡಿಗೆ ಬೀದರಿನಿಂದ ಒಂದು ಸಂಸಾರ ಬಂದಿದೆ. ಮಗಳು ಐದನೇ ತರಗತಿ. ಅಲ್ಲಿ ಕನ್ನಡ ಮಾಧ್ಯಮ, ಇಲ್ಲಿ ಇಂಗ್ಲಿಷ್ ಶಾಲೆ. 'ಐ ಹ್ಯಾವ್ ತ್ರೀ ಪೆನ್ಸಿಲ್' ಎಂದು ಬರೆದದ್ದಕ್ಕೆ ಕೆಂಪು ಗೆರೆ ಬಿತ್ತು, ತರಗತಿಯೆಲ್ಲ ನಕ್ಕಿತು. ಅಂದಿನಿಂದ ಹುಡುಗಿ ಶಾಲೆಯಲ್ಲಿ ಬಾಯಿ ಬಿಡುತ್ತಿಲ್ಲ. 'ನೀವು ರೇಡಿಯೋದಾಗ ಮಾತಾಡ್ತೀರಿ, ಜರಾ ಹೇಳಿಕೊಡ್ರಿ ಅಣ್ಣಾ' ಎಂದರು ತಾಯಿ. ಕನ್ನಡ ಬಿ.ಎ. ಮಾಡಿದವನಿಂದ ಇಂಗ್ಲಿಷ್ ಪಾಠ! ಆದರೂ ಕೂತೆವು.

ಇದು ದಡ್ಡತನವಲ್ಲ, ಕನ್ನಡದ ಲೆಕ್ಕ ಎಂದು ಮೊದಲು ಹೇಳಿದೆ. ನೀವೇ ನೋಡಿ, ಅಂಗಡಿಯಲ್ಲಿ 'ಮೂರು ಪೆನ್ಸಿಲ್ ಕೊಡಿ' ಎನ್ನುತ್ತೇವೆ, ಹೋಟೆಲಿನಲ್ಲಿ 'ಎರಡು ಇಡ್ಲಿ'. ಸಂಖ್ಯೆ ಬಂದ ಮೇಲೆ ವಸ್ತುವಿಗೆ 'ಗಳು' ಹಚ್ಚಲೇಬೇಕೆಂದಿಲ್ಲ. ಮನುಷ್ಯರಾದರೆ ಬೇಕು: 'ಮೂವರು ಹುಡುಗರು'. 'ಮೂವರು ಹುಡುಗ' ಎಂದು ಯಾರೂ ಅನ್ನುವುದಿಲ್ಲ. ಇಂಗ್ಲಿಷ್ ಪೆನ್ಸಿಲ್ಲಿಗೂ ಹುಡುಗನಿಗೂ ಈ ಭೇದ ಮಾಡುವುದಿಲ್ಲ. ಒಂದು ದಾಟಿದರೆ ಇಬ್ಬರಿಗೂ ಬಾಲ.

ಇಲ್ಲಿ ನಮ್ಮ ತೆಲುಗು ನೆರೆಯವರಿಗೆ ಅನುಕೂಲ ಹೆಚ್ಚು. ಮೋಂಡಾ ಮಾರ್ಕೆಟ್ಟಿನಲ್ಲಿ 'ಪದಿ ರೂಪಾಯಲು' ಎನ್ನುವುದನ್ನು ನೀವು ಕೇಳಿಯೇ ಇರುತ್ತೀರಿ. ನಮ್ಮದು 'ಹತ್ತು ರೂಪಾಯಿ', ಅವರದು ಇಂಗ್ಲಿಷಿನಂತೆ ಬಹುವಚನ. ಆದರೆ ಅದೇ ತೆಲುಗಿನಲ್ಲಿ ನೀರು, ಹಾಲು ಸಹ ಬಹುವಚನ! ನಲ್ಲಿ ಬಿಟ್ಟಾಗ 'ನೀಳ್ಳು ವಸ್ತುನ್ನಾಯಿ' ಎನ್ನುತ್ತಾರೆ. ಪದಕ್ಕೆ ಪದ ಇಟ್ಟರೆ 'ನೀರುಗಳು ಬರುತ್ತಿವೆ'. ಇಂಗ್ಲಿಷಿನಲ್ಲಿ ವಾಟರ್, ಮಿಲ್ಕ್, ರೈಸ್ ಎಣಿಕೆಗೆ ಸಿಗುವುದಿಲ್ಲ, ಏಕವಚನವೇ. ಇಲ್ಲಿ ಕನ್ನಡದ ಹುಡುಗಿಯ ಅಭ್ಯಾಸವೇ ಸರಿ. ಇದನ್ನು ಕೇಳಿ ಅವಳು ಮೊದಲ ಸಲ ನಕ್ಕಳು. 'ಲೋಗಾಂ, ಬಾತಾಂ, ಕಿತಾಬಾಂ' ಎನ್ನುವ ದಖನಿ ಬಹುವಚನವನ್ನು ಅವಳೇ ನನಗೆ ಒಪ್ಪಿಸಿದಳು. ಬೀದರಿನವಳಲ್ಲವೇ!

ಬರವಣಿಗೆಯ ನಿಯಮಗಳು ಪಠ್ಯಪುಸ್ತಕದಲ್ಲಿವೆ. 'ಬಾಕ್ಸ್'ಗೆ ಇಎಸ್, 'ಬೇಬಿ'ಯ ವೈ ಹೋಗಿ ಐಇಎಸ್, 'ನೈಫ್'ನ ಎಫ್‌ಇ ಹೋಗಿ ವಿಇಎಸ್. ಮೈಕಿನ ಮುಂದೆ ಕೂರುವ ನನಗೆ ದೊಡ್ಡದು ಉಚ್ಚಾರಣೆ. ಎಸ್ ಒಂದೇ, ದನಿ ಮೂರು: 'ಬುಕ್ಸ್', 'ಬ್ಯಾಗ್‌ಜ಼್', 'ಬಸಿಜ಼್'. ಗಂಟಲಿನ ಮೇಲೆ ಬೆರಳಿಟ್ಟು ನೋಡಿ. 'ಗ್' ಎಂದಾಗ ನಡುಗುತ್ತದೆ, 'ಕ್' ಎಂದಾಗ ಇಲ್ಲ. ನಡುಕವಿದ್ದಲ್ಲಿ ಎಸ್ ಕೂಡ 'ಜ಼್' ಆಗುತ್ತದೆ. 'ಬಸ್' ಸಕಾರದಲ್ಲೇ ಮುಗಿಯುವುದರಿಂದ ನಡುವೆ ಒಂದು ಸ್ವರ ಬೇಕು. ನಾವು 'ಬಸ್ಸಸ್' ಎಂದು ಬುಸುಗುಟ್ಟುತ್ತೇವೆ!

ಇನ್ನು 'ಲೇಡೀಸ್‌ಗಳು', 'ಫ್ಯಾನ್ಸ್‌ಗಳು'. ಬಹುವಚನದ ಮೇಲೆ ಬಹುವಚನ ಎಂದು ನಾನೂ ಗೊಣಗುತ್ತಿದ್ದೆ. ಈಗ ಗೊಣಗುವುದಿಲ್ಲ. ಇಂಗ್ಲಿಷಿನ 'ಚಿಲ್ಡ್ರನ್' ಕೂಡ ಹೀಗೆಯೇ ಆದದ್ದು: 'ಚೈಲ್ಡ್'ಗೆ ಹಿಂದೆ 'ಚಿಲ್ಡರ್' ಎಂಬ ಬಹುವಚನವಿತ್ತು, ಅದರ ಮೇಲೆ 'ಆಕ್ಸನ್' ಪದದಲ್ಲಿರುವಂಥ ಇನ್ನೊಂದು ಪ್ರತ್ಯಯ ಬಂದು ಕೂತಿತು. ನಮ್ಮ 'ಮಗು' 'ಮಗುಗಳು' ಆಗದೆ 'ಮಕ್ಕಳು' ಆಗುವುದನ್ನು ನೆನೆದರೆ, ಎರಡೂ ಭಾಷೆಯಲ್ಲಿ ಮಕ್ಕಳೇ ನಿಯಮ ಮುರಿದಿದ್ದಾರೆ. 'ನ್ಯೂಸ್'ಗೆ ಎಸ್ ಇದ್ದರೂ ಏಕವಚನ. ಈ ಕೆಲಸಕ್ಕೆ ಬಂದ ಹೊಸತರಲ್ಲಿ 'ನ್ಯೂಸ್ ಆರ್' ಎಂದು ನಾನೂ ನಗೆಪಾಟಲಾಗಿದ್ದೆ. ಅದನ್ನೂ ಹುಡುಗಿಗೆ ಹೇಳಿದೆ.

ನಿನ್ನೆ ಅವಳದೇ ಪ್ರಶ್ನೆ: 'ಪೈಜಾಮ ಒಂದೇ ಅದ, ಇಂಗ್ಲಿಷಿನಾಗ ಯಾಕ ಎಸ್ ಹಚ್ಚತಾರ ಮಾಮಾ?' ಪದ ನಮ್ಮ ಕಡೆಯಿಂದ ಹೋದದ್ದು, ಇಲ್ಲಿ ಏಕವಚನ. ಅವರು ಟ್ರೌಸರ್ಸ್ ಸಾಲಿಗೆ ಸೇರಿಸಿ, ಕಾಲು ಎರಡೆಂದು ಬಹುವಚನ ಮಾಡಿಕೊಂಡರು. 'ಇದನ್ನ ನಾಳೆ ಸಾಲಿಯಾಗ ಕೇಳ್ತೀನಿ' ಎಂದಿದ್ದಾಳೆ. ಕೇಳಿದಳೋ ಇಲ್ಲವೋ, ಮುಂದಿನ ಸಂಚಿಕೆಯಲ್ಲಿ ನಿಮಗೆ ತಿಳಿಸುತ್ತೇನೆ.