ಹಿರಿಯರನ್ನು ಅರಸುವ ಬಗೆ: ದೇವಾಲಯದ ದಾಖಲೆಯೂ ಸಮಾಧಿಯ ಕಲ್ಲೂ

(ಧರ್ಮಕೇಂದ್ರದ ಶತಮಾನೋತ್ಸವದ ಸಂದರ್ಭದಲ್ಲಿ ಮಾಡಿದ ಭಾಷಣ)



ದೇವಾಲಯವೊಂದಕ್ಕೆ ನೂರು ವರ್ಷ ತುಂಬಿದಾಗ ಅದರ ಗೋಪುರ, ಗಂಟೆ, ಪೀಠಗಳನ್ನು ಕುರಿತು ಮಾತನಾಡುವುದು ವಾಡಿಕೆ. ನಾವಾದರೋ ಇಂದು ಬೀರುವಿನೊಳಗಿನ ಹಳೆಯ ಪುಸ್ತಕಗಳನ್ನೂ ಸ್ಮಶಾನದ ಕಲ್ಲುಗಳನ್ನೂ ಕುರಿತು ನಾಲ್ಕು ಮಾತು ಹೇಳಬಯಸುತ್ತೇವೆ. ತಮ್ಮ ವಂಶದ ಬೇರನ್ನು ಅರಸುತ್ತ ಸಮುದ್ರ ದಾಟಿ ಬೆಂಗಳೂರಿನ ದೇವಾಲಯಗಳಿಗೆ ಬರುವವರಿದ್ದಾರೆ. ಅವರಲ್ಲಿ ಐರಿಷ್ ಮೂಲದವರೂ ಉಂಟು. ಅವರು ಅರಸುವ ಪುಸ್ತಕಗಳಂಥವುಗಳಲ್ಲಿಯೇ ನಮ್ಮ ಹಿರಿಯರ ಹೆಸರುಗಳೂ ಇವೆ ಎಂಬುದನ್ನು ನಾವು ಮರೆಯಬಾರದು.

ಐರ್ಲೆಂಡಿನವರು ಇಲ್ಲಿಗೆ ಬಂದದ್ದು ಬಹುಮಟ್ಟಿಗೆ ಸಿಪಾಯಿಗಳಾಗಿ. 1809ರಲ್ಲಿ ಬೆಂಗಳೂರಿನಲ್ಲಿ ದಂಡು ನೆಲೆಗೊಂಡಿತು. 1830ರಲ್ಲಿ ಬ್ರಿಟಿಷ್ ಸೇನೆಯ ನೂರು ಸೈನಿಕರಲ್ಲಿ ಸುಮಾರು 42 ಮಂದಿ ಐರ್ಲೆಂಡಿನವರೇ ಆಗಿದ್ದರು. ಬಡತನವೇ ಅವರಲ್ಲಿ ಅನೇಕರನ್ನು ದಂಡಿಗೆ ದೂಡಿತ್ತು. 1840ರ ದಶಕದಲ್ಲಿ ದಂಡಿನಲ್ಲಿ ಎದ್ದ ಸಂತ ಪ್ಯಾಟ್ರಿಕರ ದೇವಾಲಯವು ಆ ಜನರ ನೆನಪನ್ನು ಹೆಸರಿನಲ್ಲಿಯೇ ಹೊತ್ತಿದೆ. ಅದೇ ದಶಕದಲ್ಲಿ ಅವರ ತಾಯ್ನಾಡಿನಲ್ಲಿ ಆಲೂಗೆಡ್ಡೆಯ ಬೆಳೆ ಕೊಳೆತು, ಭೀಕರ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಮಡಿದರು.

ದಂಡಿನ ಸಿಪಾಯಿಗೂ ಪೇಟೆಯ ನಮ್ಮ ಹಿರಿಯರಿಗೂ ಆಡಳಿತ ಬೇರೆ, ಭಾಷೆ ಬೇರೆ, ಬಾಳು ಬೇರೆ. ಆದರೆ ಇಬ್ಬರ ಮಕ್ಕಳ ಜ್ಞಾನಸ್ನಾನವನ್ನೂ ಬರೆದಿಡುವ ಕ್ರಮ ಒಂದೇ ಆಗಿತ್ತು. 1563ರಲ್ಲಿ ಟ್ರೆಂಟ್ ಮಹಾಸಭೆಯು ಪ್ರತಿ ಧರ್ಮಕೇಂದ್ರದಲ್ಲಿಯೂ ಇಂಥ ದಾಖಲೆ ಇರಬೇಕೆಂದು ವಿಧಿಸಿತು. 1614ರ ರೋಮನ್ ವಿಧಿಗ್ರಂಥವು ಜ್ಞಾನಸ್ನಾನ, ದೃಢೀಕರಣ, ವಿವಾಹ, ಮರಣ, ಕುಟುಂಬಗಳ ಸ್ಥಿತಿ ಎಂದು ಐದು ಪುಸ್ತಕಗಳ ಕ್ರಮವನ್ನು ಗೊತ್ತುಪಡಿಸಿತು. ಮೈಸೂರು ಸೀಮೆಯಲ್ಲಿ ದುಡಿದ ಪ್ಯಾರಿಸ್ ವಿದೇಶೀ ಮಿಷನ್ ಸಂಘದ ಗುರುಗಳು ಈ ಕ್ರಮವನ್ನೇ ಅನುಸರಿಸಿದರು. ಬರೆಯುತ್ತಿದ್ದ ಭಾಷೆ ಲ್ಯಾಟಿನ್.

ಅರಸುವವರು ಮೊದಲು ಎಡವುವುದು ಇಲ್ಲಿಯೇ. ಮನೆಯಲ್ಲಿ ಓವೆನ್ ಎಂದು ಕರೆಸಿಕೊಂಡ ಐರಿಷ್ ಹುಡುಗ ಪುಸ್ತಕದಲ್ಲಿ ಯುಜೇನಿಯುಸ್ ಆಗಿರಬಹುದು. ಜೇಮ್ಸ್ ಎಂಬವನು ಯಾಕೋಬುಸ್ ಆಗುತ್ತಾನೆ. ನಮ್ಮ ರಾಯಪ್ಪನವರು ಪೇತ್ರುಸ್, ಚಿನ್ನಪ್ಪನವರು ಪೌಲುಸ್, ಅರುಳಪ್ಪನವರು ಯೊವಾನ್ನೆಸ್, ಇನ್ನಾಸಪ್ಪನವರು ಇಗ್ನಾಸಿಯುಸ್ ಆಗಿ ಅಡಗಿರಬಹುದು. ಚೌರಪ್ಪನೆಂಬ ತಾತನನ್ನು ಹುಡುಕುವವರು ಕ್ಸೇವಿಯರ್ ಎಂಬ ಹೆಸರಿನ ಕೆಳಗೂ ನೋಡಬೇಕು. ಐರಿಷರಿಗೆ ಮನೆತನದ ಹೆಸರಿನ ಆಸರೆಯಾದರೂ ಉಂಟು. ನಮ್ಮಲ್ಲಿ ಅನೇಕರಿಗೆ ಅದೂ ಇಲ್ಲವಾದುದರಿಂದ ತಂದೆತಾಯಿಗಳ ಹೆಸರನ್ನು ಜೊತೆಗಿಟ್ಟುಕೊಂಡೇ ಓದಬೇಕಾಗುತ್ತದೆ.

ಹುಡುಕುವ ಕ್ರಮ ಸರಳವಾದುದು: ತಿಳಿದುದರಿಂದ ತಿಳಿಯದುದರ ಕಡೆಗೆ, ಒಂದೊಂದೇ ತಲೆಮಾರು ಹಿಂದಕ್ಕೆ ಹೋಗಬೇಕು. ಜ್ಞಾನ ತಂದೆತಾಯಿಗಳ ಹೆಸರನ್ನು ಬಿಡಬಾರದು. ಅನೇಕ ವೇಳೆ ಅವರು ಸೋದರಮಾವನೋ ಚಿಕ್ಕಮ್ಮನೋ ಆಗಿರುತ್ತಾರೆ. 1907ರ ಆಜ್ಞೆಯೊಂದರ ಪ್ರಕಾರ 1908ರಿಂದ ವಿವಾಹವನ್ನು ವಧೂವರರ ಜ್ಞಾನಸ್ನಾನದ ಸಾಲಿನ ಬದಿಯಲ್ಲಿಯೂ ನಮೂದಿಸುವ ನಿಯಮ ಬಂದಿತು. ಆದುದರಿಂದ ಅಂಚಿನಲ್ಲಿರುವ ಸಣ್ಣ ಬರಹವೊಂದು ನಮ್ಮನ್ನು ಮತ್ತೊಂದು ಊರಿಗೆ ಕರೆದೊಯ್ಯಬಲ್ಲುದು. 1898ರಲ್ಲಿ ಪ್ಲೇಗು ಬಂದಾಗ ಪೇಟೆಯ ಜನ ಚೆದರಿದರು. ಬಸವನಗುಡಿ, ಮಲ್ಲೇಶ್ವರಗಳು ಬೆಳೆದುದು ಆ ಕಾಲದಲ್ಲಿ; ಚಾಮರಾಜಪೇಟೆ 1892ರಷ್ಟರಲ್ಲಿಯೇ ರೂಪುಗೊಂಡಿತ್ತು. ಆ ವರ್ಷಗಳಲ್ಲಿ ಒಂದು ಕುಟುಂಬದ ಸುಳಿವು ಒಂದು ದೇವಾಲಯದಲ್ಲಿ ಕಡಿದುಹೋದರೆ ನೆರೆಯ ದೇವಾಲಯದಲ್ಲಿ ವಿಚಾರಿಸಬೇಕು. ಬೆಂಗಳೂರು ಪ್ರತ್ಯೇಕ ಧರ್ಮಪ್ರಾಂತ್ಯವಾದದ್ದು 1940ರಲ್ಲಿ. ಅದಕ್ಕೂ ಮುಂಚೆ ನಾವು ಮೈಸೂರಿಗೆ ಸೇರಿದ್ದೆವು ಎಂಬುದೂ ನೆನಪಿರಲಿ.

ಇನ್ನು ಕಲ್ಲುಗಳ ಮಾತು. ಕನ್ನಡಿಗರಿಗೆ ಸತ್ತವರಿಗಾಗಿ ಕಲ್ಲು ನಿಲ್ಲಿಸುವುದು ಹೊಸದಲ್ಲ. ಬೆಂಗಳೂರೆಂಬ ಹೆಸರೇ ನಮಗೆ ಬಹು ಹಿಂದೆ ಸಿಗುವುದು ಬೇಗೂರಿನ ದೇವಾಲಯದಲ್ಲಿರುವ, ಸುಮಾರು 890ರ ವೀರಗಲ್ಲಿನ ಶಾಸನದಲ್ಲಿ. ಅದು ಬೆಂಗಳೂರಿನ ಕಾಳಗದಲ್ಲಿ ಮಡಿದವನೊಬ್ಬನ ನೆನಪಿಗೆ ನಿಂತ ಕಲ್ಲು. ಸಿಪಾಯಿಯ ಸಮಾಧಿಯ ಮೇಲೆ ಅವನ ಪಡೆಯ ಹೆಸರಿದ್ದರೆ ಅದನ್ನು ಹಿಡಿದು ಲಂಡನ್ನಿನಲ್ಲಿರುವ ಸೈನ್ಯದ ಹಾಜರಿ ಪಟ್ಟಿಗಳವರೆಗೆ ಹೋಗಬಹುದು. ಕಲ್ಲನ್ನು ಓದುವಾಗ ತಂತಿಯ ಕುಂಚದಿಂದಾಗಲಿ ಆಮ್ಲದಿಂದಾಗಲಿ ಉಜ್ಜಬಾರದು. ಮುಂಜಾನೆಯ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಸವೆದ ಅಕ್ಷರಗಳು ತಾವಾಗಿಯೇ ಎದ್ದು ಕಾಣುತ್ತವೆ. ಆಗ ಚಿತ್ರ ತೆಗೆದುಕೊಂಡರೆ ಸಾಕು.

ಆದರೆ ಕಲ್ಲು ಎಲ್ಲರಿಗೂ ದೊರೆಯಲಿಲ್ಲ. ಅಧಿಕಾರಿಗೆ ಅಮೃತಶಿಲೆ, ಉಳ್ಳವರಿಗೆ ಕರಿಕಲ್ಲು. ಬಡವನಿಗೆ ಮರದ ಶಿಲುಬೆ, ಅದೂ ಕೆಲವು ಮಳೆಗಾಲಗಳವರೆಗೆ. ಸ್ಥಳದ ಅಭಾವದಿಂದ ನಗರದ ಸ್ಮಶಾನಗಳಲ್ಲಿ ಒಂದೇ ಗುಳಿಯನ್ನು ಮತ್ತೆ ಮತ್ತೆ ಬಳಸಬೇಕಾಗುತ್ತದೆ. ಆಗ ಆ ಬಡವನಿಗೆ ಉಳಿಯುವ ಏಕಮಾತ್ರ ಸಮಾಧಿಶಿಲೆಯೆಂದರೆ ಮರಣದ ಪುಸ್ತಕದ ಒಂದು ಸಾಲು. 1876ರಿಂದ 1878ರವರೆಗೆ ಮೈಸೂರು ಸೀಮೆಯನ್ನು ಸುಟ್ಟ ಧಾತು ಈಶ್ವರ ಬರಗಾಲವನ್ನು ನೆನೆಯಿರಿ. ದಿಕ್ಕಿಲ್ಲದ ಮಕ್ಕಳನ್ನು ಮಿಷನ್ನಿನವರು ಸಾಕಿದರು. ಅಂಥ ಮಗುವಿನ ತಂದೆತಾಯಿಗಳ ಹೆಸರು ತಿಳಿಯದಿದ್ದಲ್ಲಿ ವಂಶವೃಕ್ಷ ಅಲ್ಲಿಗೇ ನಿಲ್ಲುತ್ತದೆ. ಆ ಸಾಲನ್ನೂ ಕಳೆದುಕೊಂಡರೆ ಆ ಮಗು ಎರಡನೆಯ ಸಲ ಅನಾಥವಾದಂತೆ.

ಪುಸ್ತಕ ಕಳೆದರೆ ಏನಾಗುವುದೆಂಬುದನ್ನು ಐರ್ಲೆಂಡೇ ಕಲಿಸಿದೆ. 1922ರ ಜೂನ್ 30ರಂದು ಡಬ್ಲಿನ್ನಿನ ಸರ್ಕಾರಿ ದಾಖಲಾಲಯ ಅಂತರ್ಯುದ್ಧದಲ್ಲಿ ಉರಿದುಹೋಯಿತು. ಹಳೆಯ ಜನಗಣತಿಯ ಪುಸ್ತಕಗಳೂ ಪ್ರೊಟೆಸ್ಟಂಟ್ ದೇವಾಲಯಗಳ ನೂರಾರು ದಾಖಲೆಗಳೂ ಬೂದಿಯಾದವು. ಕಥೋಲಿಕ ದಾಖಲೆಗಳು ಉಳಿದುವೇಕೆ? ಅವು ರಾಜಧಾನಿಯ ಒಂದೇ ಕಟ್ಟಡದಲ್ಲಿ ಇರಲಿಲ್ಲ, ಊರೂರಿನ ಗುರುಮನೆಗಳಲ್ಲಿದ್ದವು. ಮುಂದೆ ಅಲ್ಲಿನ ರಾಷ್ಟ್ರೀಯ ಗ್ರಂಥಾಲಯವು ಅವುಗಳ ಸೂಕ್ಷ್ಮಚಿತ್ರ ತೆಗೆದು, 2015ರಲ್ಲಿ ಅಂತರ್ಜಾಲದ ಮೂಲಕ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿತು. ಊರಿನಲ್ಲಿ ಮೂಲ, ಬೇರೆಡೆ ಪ್ರತಿ: ಇದೇ ನಾವು ಕಲಿಯಬೇಕಾದ ಪಾಠ.

ಬೆಂಕಿ ನಮ್ಮಲ್ಲಿಗೆ ಬರಬೇಕಾಗಿಲ್ಲ. ಗೆದ್ದಲು, ತೇವ ಮತ್ತು ನಮ್ಮ ಉದಾಸೀನಗಳೇ ಸಾಕು. ಹಳೆಯ ಪುಸ್ತಕಗಳನ್ನು ಎಚ್ಚರದಿಂದ ಕಾಪಾಡಬೇಕೆಂದು 1983ರ ಧರ್ಮಸಭೆಯ ಕಾನೂನಿನ 535ನೆಯ ವಿಧಿಯೂ ಹೇಳುತ್ತದೆ. ಆದುದರಿಂದ ಈ ಶತಮಾನೋತ್ಸವ ವರ್ಷದಲ್ಲಿ ನಾವು ಮೂರು ಕೆಲಸಗಳನ್ನು ಕೈಗೊಳ್ಳೋಣ. ಗುರುಗಳ ಅಪ್ಪಣೆ ಪಡೆದು ಹಳೆಯ ದಾಖಲೆಗಳ ಪುಟಪುಟವನ್ನೂ ಚಿತ್ರೀಕರಿಸಿ ಪ್ರತಿಯನ್ನು ಬೇರೆಡೆ ಇರಿಸೋಣ. ಬದುಕಿರುವವರ ವಿವರಗಳು ಮಾತ್ರ ಗೋಪ್ಯವಾಗಿರಲಿ. ಸಮಾಧಿಯ ಕಲ್ಲುಗಳನ್ನು ಎತ್ತುವ ಮೊದಲು ಅವುಗಳ ಬರಹವನ್ನು ಪ್ರತಿ ಮಾಡಿಕೊಳ್ಳೋಣ. ಮನೆಯ ಹಿರಿಯರಿಂದ ಅಜ್ಜ ಮುತ್ತಜ್ಜಂದಿರ ಹೆಸರುಗಳನ್ನು ಕೇಳಿ, ಲ್ಯಾಟಿನ್ ಹೆಸರಿನ ಪಕ್ಕದಲ್ಲಿ ಮನೆಯಲ್ಲಿ ಕರೆಯುತ್ತಿದ್ದ ಹೆಸರನ್ನೂ ಬರೆದಿಡೋಣ. ಈ ಮೂರನೆಯದು ತಡವಾಗಬಾರದು. ಪುಸ್ತಕ ಕಾಯಬಹುದು, ಅಜ್ಜಿ ಕಾಯಲಾರರು.

ಪ್ರತಿ ವರ್ಷ ನವೆಂಬರ್ 2ರಂದು ನಾವು ಸಮಾಧಿಗಳಿಗೆ ಹೂವೇರಿಸಿ ಮೇಣದ ಬತ್ತಿ ಹಚ್ಚುತ್ತೇವೆ. ಸಮಾಧಿಯೇ ಇಲ್ಲದವರಿಗೆ ಹೂವು ಏರಿಸುವುದೆಲ್ಲಿ? ಅವರ ಹೆಸರುಗಳನ್ನು ಪುಸ್ತಕದಿಂದ ತೆಗೆದು ಅಂದಿನ ಬಲಿಪೂಜೆಯಲ್ಲಿ ಗಟ್ಟಿಯಾಗಿ ಓದಿಸೋಣ. ದೂರದ ಐರ್ಲೆಂಡಿನಿಂದ ಬಂದು ಈ ಮಣ್ಣಿನಲ್ಲಿ ಮಲಗಿದವರಿಗೂ, ಈ ಮಣ್ಣಿನಲ್ಲೇ ಹುಟ್ಟಿ ಈ ಮಣ್ಣಿಗೇ ಸೇರಿದವರಿಗೂ ಪ್ರಭು ನಿತ್ಯ ವಿಶ್ರಾಂತಿಯನ್ನು ಕರುಣಿಸಲೆಂದು ಪ್ರಾರ್ಥಿಸಿ ನಮ್ಮ ಮಾತುಗಳನ್ನು ಮುಗಿಸುತ್ತೇವೆ.