ಎರಡನೆಯ ತಪ್ಪಿಗೂ ಬಾಗಿಲು ಬೇಕು
(ನಂಜನಗೂಡಿನಲ್ಲಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಮುಂದೆ ಮಾಡಿದ ಭಾಷಣ)



ಕಳ್ಳರ ಪರವಾಗಿ ಮಾತನಾಡಲು ಬಂದಿದ್ದಾರೆ ಎಂದು ನಿಮ್ಮಲ್ಲಿ ಕೆಲವರು ಆಗಲೇ ಗೊಣಗುತ್ತಿರಬಹುದು. ಮಾಲು ಕಳೆದುಕೊಂಡ ಅಂಗಡಿಯವರ ಸಂಕಟ ನಮಗೆ ಗೊತ್ತಿಲ್ಲದ್ದಲ್ಲ. ಆದರೂ ಈ ಮಾತು ಆಡಲೇಬೇಕಾಗಿದೆ.

2024ರ ಜುಲೈ 1ರಿಂದ ಹಳೆಯ ದಂಡಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ 303ನೆಯ ಕಲಮಿನ ಪ್ರಕಾರ, ಕದ್ದದ್ದು 5,000 ರೂಪಾಯಿಗಿಂತ ಕಡಿಮೆ ಬೆಲೆಯದಾಗಿದ್ದು, ಮೊದಲ ಸಲ ಸಿಕ್ಕಿಬಿದ್ದವನು ಮಾಲನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಸಮುದಾಯ ಸೇವೆಯೇ ಶಿಕ್ಷೆ. ಒಳ್ಳೆಯದು, ಸ್ವಾಗತಿಸುತ್ತೇವೆ. ಅದೇ ಮನುಷ್ಯನಿಗೆ ಎರಡನೆಯ ಸಲ ಶಿಕ್ಷೆಯಾದರೆ ಮಾತ್ರ ಒಂದು ವರ್ಷಕ್ಕೆ ಕಡಿಮೆಯಿಲ್ಲದ ಕಠಿಣ ಸಜೆ. ಐದು ವರ್ಷದವರೆಗೂ ಹೋಗಬಹುದು. ಹಳೆಯ 379ನೆಯ ಕಲಮಿನಲ್ಲಿ ಈ ಕನಿಷ್ಠ ಮಿತಿ ಇರಲಿಲ್ಲ. ಬರೀ ಜುಲ್ಮಾನೆ ಹಾಕಿ ಬಿಡಲೂ ಅವಕಾಶವಿತ್ತು.

ತಿರುಮಕೂಡಲು ನರಸೀಪುರದ ಕಡೆಯ ಹಳ್ಳಿಯಿಂದ ಬೆಳಿಗ್ಗೆ ಬಸ್ಸು ಹತ್ತಿ ಇಲ್ಲಿನ ಕಾರ್ಖಾನೆಗೆ ಗುತ್ತಿಗೆ ಕೂಲಿಗೆ ಬರುವ ಹುಡುಗನೊಬ್ಬನಿದ್ದಾನೆ ಎಂದಿಟ್ಟುಕೊಳ್ಳಿ. ತೋಟದ ಪಂಪ್‌ಸೆಟ್ಟಿನ ತಂತಿ ಕದ್ದನೆಂದು ಕೇಸು. ತಂತಿ ಹಿಂದಕ್ಕೆ ಕೊಟ್ಟಿದ್ದಾನೆ. "ಒಪ್ಕೊಂಡ್ಬಿಡೋ, ಇವತ್ತೇ ಮುಗೀತದೆ" ಎನ್ನುತ್ತಾರೆ ಜೊತೆಯವರು. ಒಂದು ದಿನದ ಕೂಲಿ ತಪ್ಪಿದರೂ ಹೆದರುವವನು, ಒಪ್ಪಿಕೊಳ್ಳುತ್ತಾನೆ. ನಾಲ್ಕು ದಿನ ಕಸ ಗುಡಿಸಿ ಬರುತ್ತಾನೆ. ಅದೂ ಶಿಕ್ಷೆಯೇ, ಅವನ ಹೆಸರಿಗೆ ಬರೆದಿಟ್ಟದ್ದು ಎಂದು ಅವನಿಗೆ ಯಾರೂ ತಿಳಿಸಿರುವುದಿಲ್ಲ. ಮುಂದೆ ಕೆಲಸ ತಪ್ಪಿ, ಅಂಗಡಿಯ ಮುಂದೆ ಇಳಿಸಿದ ಅಕ್ಕಿ ಮೂಟೆಗೆ ಕೈಹಾಕಿದ ದಿನ ಆ ಬರಹ ಎದ್ದು ಕೂರುತ್ತದೆ. ಒಂದು ವರ್ಷ ಒಳಗೆ! ಹೊರಗೆ ಬಂದವನಿಗೆ ಯಾವ ಗುತ್ತಿಗೆದಾರ ಕೆಲಸ ಕೊಟ್ಟಾನು?

1958ರ ಪ್ರೊಬೇಷನ್ ಕಾಯಿದೆ ಇನ್ನೂ ಜೀವಂತವಾಗಿದೆ. ಅದರ 3ನೆಯ ಕಲಮಿನಂತೆ ಬುದ್ಧಿ ಹೇಳಿ ಬಿಡುವುದು ಹಿಂದೆ ಶಿಕ್ಷೆಯಾಗದವರನ್ನು ಮಾತ್ರ. 4ನೆಯ ಕಲಮಿನಲ್ಲಿ ಆ ನಿರ್ಬಂಧದ ಮಾತಿಲ್ಲ. ಮರಣದಂಡನೆ, ಜೀವಾವಧಿಯ ಅಪರಾಧಗಳನ್ನು ಬಿಟ್ಟು ಉಳಿದವುಗಳಲ್ಲಿ, ಮನುಷ್ಯನ ನಡತೆ ನೋಡಿ, ಮೂರು ವರ್ಷ ಮೀರದ ಮುಚ್ಚಳಿಕೆ ಬರೆಸಿಕೊಂಡು ಪರಿವೀಕ್ಷಣಾಧಿಕಾರಿಯ ಕಣ್ಣಳತೆಯಲ್ಲಿ ಬಿಡಬಹುದು. ಅಂಗಡಿಯವರು ಇದನ್ನು ಕೇಳಿಸಿಕೊಳ್ಳಿ: ಹಾಗೆ ಬಿಡುವಾಗ ನಿಮ್ಮ ನಷ್ಟ ಕಟ್ಟಿಕೊಡುವಂತೆ 5ನೆಯ ಕಲಮಿನಡಿ ಆಜ್ಞೆ ಮಾಡಬಹುದು. ಜೈಲಿನಲ್ಲಿ ಕೂತವನಿಂದ ನಿಮ್ಮ ಮೂಟೆ ಅಕ್ಕಿ ಹುಟ್ಟುವುದಿಲ್ಲ.

ಕನಿಷ್ಠ ಶಿಕ್ಷೆ ಬರೆದಿದ್ದ ಮಾತ್ರಕ್ಕೆ ಈ ಕಾಯಿದೆಯ ಬಾಗಿಲು ಮುಚ್ಚುವುದಿಲ್ಲ ಎಂದು ಸುಪ್ರೀಂ ಕೋರ್ಟು 2021ರಲ್ಲಿ ಹೇಳಿದೆ. ಆದರೆ ಅದು ಹಳೆಯ ಸಂಹಿತೆಯ ಕೇಸು. ಹೊಸದರಲ್ಲೂ ಅದೇ ಸರಿ ಎಂದು ವಾದಿಸಬೇಕು. ಅಷ್ಟು ವಾದ ಮಾಡಿಸುವ ತ್ರಾಣ ಕೂಲಿಯವನಿಗೆಲ್ಲಿದೆ? ಅದಕ್ಕೇ ನಾವು ಕೇಳುವುದು: ಸಣ್ಣ ಕಳವಿನ ಮಟ್ಟಿಗೆ ಆ ಒಂದು ವರ್ಷದ ಕಡ್ಡಾಯ ತೆಗೆಯಿರಿ, ಎರಡನೆಯ ಸಲದವನಿಗೂ ಪ್ರೊಬೇಷನ್ ಉಂಟು ಎಂದು ಕಲಮಿನಲ್ಲೇ ಬರೆಯಿರಿ. ಹುಟ್ಟಿನಿಂದಲೇ ಕಳ್ಳರು ಎಂದು ಕೆಲವು ಸಮುದಾಯಗಳಿಗೆ ಹಣೆಪಟ್ಟಿ ಕಟ್ಟಿದ 1871ರಲ್ಲಿ ಮೊದಲಾದ ಬ್ರಿಟಿಷ್ ಕಾಯಿದೆ 1952ರಲ್ಲಿ ರದ್ದಾಯಿತು. 1961ರಲ್ಲಿ ನಮ್ಮದೇ ಮೈಸೂರು ರಾಜ್ಯ ರೂಢಿಗತ ಅಪರಾಧಿಗಳ ಕಾಯಿದೆ ಮಾಡಿತು. ಮುದ್ರೆಯೊತ್ತುವ ಚಟ ಯಾವ ಸರ್ಕಾರವನ್ನೂ ಬೇಗ ಬಿಡುವುದಿಲ್ಲ.

ತಿದ್ದುಪಡಿ ಬರುವವರೆಗೆ ಒಂದು ಕೆಲಸ ಮಾಡಿ. ನಿಮ್ಮವರ ಮೇಲೆ ಕೇಸಾದರೆ, ಒಪ್ಪಿಕೊಳ್ಳುವ ಮೊದಲು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಕಾರ್ಖಾನೆಯ ಕಾರ್ಮಿಕರಿಗೆ, ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಬಂಧನದಲ್ಲಿರುವವರಿಗೆ 1987ರ ಕಾಯಿದೆಯಂತೆ ವಕೀಲರ ನೆರವು ಉಚಿತ. ಪರಿವೀಕ್ಷಣಾಧಿಕಾರಿಯ ವರದಿ ತರಿಸಿ ಎಂದು ಆ ವಕೀಲರಿಂದ ಅರ್ಜಿ ಹಾಕಿಸಿ. ಪ್ರೊಬೇಷನ್ ಕೊಡಬಹುದಾದ ಕಡೆ ಕೊಡದಿದ್ದರೆ ನ್ಯಾಯಾಲಯ ವಿಶೇಷ ಕಾರಣ ಬರೆಯಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 402ನೆಯ ಕಲಮಿದೆ. ಆ ನಂಬರು ಬರೆದಿಟ್ಟುಕೊಳ್ಳಿ.