ಕೆಲಸ ಕೊಪ್ಪದಲ್ಲಿ, ಮನೆ ಎಲ್ಲಿ?



ಮೇ ತಿಂಗಳು ಕಳೆದು ಶಾಲೆಗಳು ತೆರೆಯುವ ಹೊತ್ತಿಗೆ ಮೈಸೂರಿನ ಎಷ್ಟೋ ಮನೆಗಳಲ್ಲಿ ಊಟದ ನಡುವೆ ಒಂದೇ ಮಾತು ಎದ್ದಿರುತ್ತದೆ. ಪಿರಿಯಾಪಟ್ಟಣ ತಾಲೂಕಿನ ಕೊಪ್ಪದ ಶಾಲೆಗೋ, ಬೈಲಕುಪ್ಪೆಯ ಬ್ಯಾಂಕಿಗೋ, ಎಚ್.ಡಿ. ಕೋಟೆಯ ಆಸ್ಪತ್ರೆಗೋ, ಹುಣಸೂರಿನ ಕಚೇರಿಗೋ ಆರ್ಡರ್ ಬಂದಿರುತ್ತದೆ. ಅಪ್ ಅಂಡ್ ಡೌನ್ ಮಾಡುವುದೋ, ಇಲ್ಲ ಮನೆಯನ್ನೇ ಅಲ್ಲಿಗೆ ಸಾಗಿಸುವುದೋ? ಈ ಹೊತ್ತು ಅದರ ಬಗ್ಗೆ ನನಗೆ ತಿಳಿದಷ್ಟು ಹೇಳುತ್ತೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಯ ಹೊಸ್ತಿಲಿನಿಂದ ಕೆಲಸದ ಬಾಗಿಲಿಗೆ ಒಂದು ಕಡೆಗೆ ಒಂದೂಕಾಲು ಗಂಟೆಗಿಂತ ಹೆಚ್ಚು ಹಿಡಿಯುತ್ತದೆ ಅಂದರೆ, ಕನಿಷ್ಠ ಮೊದಲ ಒಂದು ವರ್ಷ ಕೆಲಸದ ಊರಿನಲ್ಲೋ ಅದರ ಮಗ್ಗುಲಲ್ಲೋ ಬಾಡಿಗೆ ಮನೆ ಹಿಡಿಯಿರಿ. ಆಮೇಲೆ ಬದಲಾಯಿಸಬೇಕು ಅನ್ನಿಸಿದರೆ ಬದಲಾಯಿಸಬಹುದು. ಮೊದಲ ವರ್ಷವನ್ನು ಬಸ್ಸಿನಲ್ಲಿ ಕಳೆದವರಿಗೆ ಆ ಊರಿನ ಗುರುತೇ ಸಿಗುವುದಿಲ್ಲ, ಊರಿಗೂ ಅವರ ಗುರುತು ಸಿಗುವುದಿಲ್ಲ.

ಹೊಸ್ತಿಲಿನಿಂದ ಬಾಗಿಲಿಗೆ ಎಂದು ಬೇಕೆಂದೇ ಹೇಳಿದೆ. ನಮ್ಮ ಜನ ಲೆಕ್ಕ ಹಾಕುವುದು ಬಸ್ ನಿಲ್ದಾಣದಿಂದ ಬಸ್ ನಿಲ್ದಾಣಕ್ಕೆ. ಮೈಸೂರಿನಿಂದ ಕೊಪ್ಪಕ್ಕೆ ಎಂಬತ್ತು ಕಿಲೋಮೀಟರಿನ ಮೇಲಿದೆ, ಸಾಮಾನ್ಯ ಬಸ್ಸಿಗೆ ಎರಡು ಗಂಟೆ ಅನ್ನುತ್ತಾರೆ. ಮನೆಯಿಂದ ಗ್ರಾಮಾಂತರ ನಿಲ್ದಾಣ ತಲುಪುವ ಹೊತ್ತು, ಬಸ್ಸಿಗೆ ಕಾಯುವ ಹೊತ್ತು, ಹುಣಸೂರಿನಲ್ಲಿ ಬಸ್ಸು ನಿಲ್ಲುವ ಹೊತ್ತು ಯಾರ ಲೆಕ್ಕಕ್ಕೂ ಬರುವುದಿಲ್ಲ. ಅದೆಲ್ಲ ಬಿಟ್ಟು ಬರೀ ಬಸ್ಸಿನೊಳಗಿನ ನಾಲ್ಕು ಗಂಟೆಯನ್ನೇ ಹಿಡಿದರೂ, ತಿಂಗಳಿಗೆ 24 ದಿನಕ್ಕೆ 96 ಗಂಟೆ ಆಗುತ್ತದೆ. ದಿನಕ್ಕೆ ಎಂಟು ಗಂಟೆಯಂತೆ ಹನ್ನೆರಡು ದಿನದ ದುಡಿಮೆ! ಸಂಬಳವಿಲ್ಲದ ದುಡಿಮೆ. ಇಟಲಿಯ ಭೌತವಿಜ್ಞಾನಿ ಸೆಸಾರೆ ಮಾರ್ಕೆಟ್ಟಿ 1994ರ ಒಂದು ಲೇಖನದಲ್ಲಿ, ನಡೆದು ಹೋಗುವ ಕಾಲವಿರಲಿ, ಕಾರಿನ ಕಾಲವಿರಲಿ, ಮನುಷ್ಯರು ಸರಾಸರಿ ದಿನಕ್ಕೆ ಸುಮಾರು ಒಂದು ಗಂಟೆಯನ್ನು ಓಡಾಟಕ್ಕೆ ಕೊಡುತ್ತಾ ಬಂದಿದ್ದಾರೆ ಎಂದು ತೋರಿಸಿದರು. ಅದರ ನಾಲ್ಕು ಪಟ್ಟನ್ನು ವರ್ಷಗಟ್ಟಲೆ ಕೊಡುತ್ತೇನೆ ಎನ್ನುವವರು ಅದು ಎಲ್ಲಿಂದ ಬರುತ್ತದೆ ಎಂದು ಕೇಳಿಕೊಳ್ಳಬೇಕು. ಅದು ಬರುವುದು ನಿದ್ದೆಯಿಂದ, ಮಕ್ಕಳ ಜೊತೆಗಿನ ಸಂಜೆಯಿಂದ. ಬೇರೆ ಎಲ್ಲಿಂದಲೂ ಅಲ್ಲ. ಶನಿವಾರ ಬೆಳಗಿನ ಶಾಲೆಗೆ ಮೈಸೂರಿನಿಂದ ಹೊರಡುವ ಮೇಷ್ಟ್ರನ್ನು, ಟೀಚರನ್ನು ಕೇಳಿ ನೋಡಿ. ಮನೆಯವರು ಏಳುವ ಮೊದಲೇ ಅವರು ಹೊರಟಿರುತ್ತಾರೆ.

ದುಡ್ಡಿನ ವಿಷಯಕ್ಕೆ ಬರೋಣ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಸಾರಿಗೆಯಲ್ಲಿ ಟಿಕೆಟ್ಟಿನ ಖರ್ಚಿಲ್ಲ. ಇದು ಬಹಳ ದೊಡ್ಡ ಅನುಕೂಲ. ಕೆಲಸಕ್ಕೇ ಹೋಗಲಾರದಿದ್ದ ಎಷ್ಟೋ ಹೆಣ್ಣುಮಕ್ಕಳು ಇದರಿಂದ ಹೊರಗೆ ಬಂದಿದ್ದಾರೆ. ಆದರೆ ಟಿಕೆಟ್ಟು ಶೂನ್ಯವಾದ ದಿನದಿಂದ ಒಂದು ತಪ್ಪು ತರ್ಕವೂ ಹುಟ್ಟಿಕೊಂಡಿದೆ: ಓಡಾಟಕ್ಕೆ ಖರ್ಚೇ ಇಲ್ಲವಲ್ಲ, ಅಲ್ಲಿ ಸುಮ್ಮನೆ ಬಾಡಿಗೆ ಯಾಕೆ ಕಟ್ಟಬೇಕು? ತಾಯಂದಿರೆ, ಬೆನ್ನು ನಿಮ್ಮದು, ನಿದ್ದೆ ನಿಮ್ಮದು. ಎರಡು ಗಂಟೆ ಬಸ್ಸಿನಲ್ಲಿ ಬಂದು ಮತ್ತೆ ಒಲೆಯ ಮುಂದೆ ನಿಲ್ಲುವವರೂ ನಮ್ಮ ಮನೆಗಳಲ್ಲಿ ನೀವೇ. ಆ ಖರ್ಚನ್ನು ಮನೆಯವರೆಲ್ಲ ಕೂತು ಲೆಕ್ಕ ಹಾಕಲಿ. ಗಂಡಸರಿಗಂತೂ 2025ರ ಜನವರಿ 5ರಿಂದ ಬಸ್ ದರ ಶೇಕಡ 15 ಏರಿದೆ. ತಿಂಗಳ ಪಾಸಿನ ಬೆಲೆ ಎಷ್ಟೆಂದು ಡಿಪೋದಲ್ಲಿ ಕೇಳಿಯೇ ತೀರ್ಮಾನಕ್ಕೆ ಬನ್ನಿ.

ರಾಜ್ಯ ಸರ್ಕಾರಿ ನೌಕರರು ಇನ್ನೊಂದು ಮಾತನ್ನು ಗಮನಿಸಬೇಕು. ಮನೆ ಬಾಡಿಗೆ ಭತ್ಯೆ ನೀವು ವಾಸ ಮಾಡುವ ಊರಿನ ಮೇಲೆ ಬರುವುದಿಲ್ಲ, ಕೆಲಸ ಮಾಡುವ ಊರಿನ ಮೇಲೆ ಬರುತ್ತದೆ. 2024ರ ಆಗಸ್ಟ್‌ನಿಂದ ಜಾರಿಗೆ ಬಂದ ಏಳನೇ ವೇತನ ಆಯೋಗದ ದರದಲ್ಲಿ ಮೈಸೂರಿನಂಥ ನಗರಕ್ಕೆ ಮೂಲ ವೇತನದ ಶೇಕಡ 15, ನಮ್ಮ ತಾಲೂಕುಗಳಿಗೆ ಶೇಕಡ 7.5. ಮೂಲ ವೇತನ ಐವತ್ತು ಸಾವಿರ ಇದ್ದವರಿಗೆ ಮೈಸೂರಿನಲ್ಲಿ 7,500 ರೂಪಾಯಿ, ತಾಲೂಕುಗಳಲ್ಲಿ 3,750. ಸರ್ಕಾರ ಕೊಡುವುದು ಪಿರಿಯಾಪಟ್ಟಣದ ಬಾಡಿಗೆ, ನೀವು ಕಟ್ಟುವುದು ಮೈಸೂರಿನ ವಿಜಯನಗರದ ಬಾಡಿಗೆ. ಕೈಯಿಂದ ಹೋಗುವ ಈ ದುಡ್ಡನ್ನೂ ಅಪ್ ಅಂಡ್ ಡೌನ್ ಖರ್ಚಿಗೆ ಸೇರಿಸಿ.

ಈಗ ಕೊಪ್ಪದ ವಿಶೇಷ. ಕೊಪ್ಪದಲ್ಲಿ ಕೆಲಸ ಸಿಕ್ಕವರು ಪಟ್ಟಣ ಎಂದ ಕೂಡಲೇ ಮೈಸೂರಿನ ಕಡೆಗೇ ತಿರುಗುತ್ತಾರೆ. ಆದರೆ ಕಾವೇರಿಯ ಸೇತುವೆ ದಾಟಿದರೆ ಕುಶಾಲನಗರ. ಜಿಲ್ಲೆ ಬದಲಾಗುತ್ತದೆ, ಮೈಸೂರು ಹೋಗಿ ಕೊಡಗು ಆಗುತ್ತದೆ ಅಷ್ಟೇ. ಶಾಲೆ, ಕಾಲೇಜು, ವೈದ್ಯರು, ಮಾರುಕಟ್ಟೆ ಎಲ್ಲ ಅಲ್ಲೇ ಇದೆ. ಬೈಲಕುಪ್ಪೆಯ ಟಿಬೆಟನ್ ಕ್ಯಾಂಪುಗಳ ಆಸುಪಾಸಿನಲ್ಲಿ, ಕೊಪ್ಪದಲ್ಲೇ, ಮನೆಗಳು ಸಿಗುತ್ತವೆ. 1960ರ ದಶಕದ ಆರಂಭದಲ್ಲಿ ಟಿಬೆಟನ್ನರು ಬಂದು ಕಾಡು ಕಡಿದು ನೆಲೆಯೂರಿದ ಜಾಗ ಇದು. ಹೊರಗಿನಿಂದ ಬಂದವರನ್ನು ಕಂಡು ಗೊತ್ತಿರುವ ಸೀಮೆ. ಹೊಸಬರು ಹೊಂದಿಕೊಳ್ಳಲು ಕಷ್ಟಪಡಬೇಕಾಗಿಲ್ಲ.

ಆದರೆ ಹೊಳೆಯ ಬದಿಯಲ್ಲಿ ಮನೆ ನೋಡುವವರಿಗೆ ಒಂದು ಎಚ್ಚರಿಕೆಯ ಮಾತು. 2018 ಮತ್ತು 2019ರ ಆಗಸ್ಟ್ ಮಳೆಗೆ ಕುಶಾಲನಗರದ ಕುವೆಂಪು ಬಡಾವಣೆ, ಸಾಯಿ ಬಡಾವಣೆಗಳ ಮನೆಗಳಿಗೆ ಕಾವೇರಿಯ ನೀರು ನುಗ್ಗಿತ್ತು. ಬಾಡಿಗೆ ಕಡಿಮೆ ಇದೆ, ಮನೆ ಹೊಸದಿದೆ ಎಂದು ತಕ್ಷಣ ಅಡ್ವಾನ್ಸ್ ಕೊಡಬೇಡಿ. ಆ ಎರಡು ವರ್ಷ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಮನೆಯ ಮಾಲೀಕರನ್ನಲ್ಲ, ಪಕ್ಕದ ಮನೆಯವರನ್ನು ಕೇಳಿ. ಗೋಡೆಯ ಮೇಲೆ ಗುರುತು ತೋರಿಸುತ್ತಾರೆ.

ದಾರಿಯ ಬಗ್ಗೆಯೂ ಹೇಳಬೇಕು. ವಾರದ ಕೊನೆಗೆ ಸ್ವರ್ಣ ದೇವಾಲಯ, ದುಬಾರೆ, ನಿಸರ್ಗಧಾಮ, ಮಡಿಕೇರಿ ಎಂದು ಹೊರಟ ಪ್ರವಾಸಿಗರ ಕಾರುಗಳು ಈ ರಸ್ತೆಯನ್ನು ತುಂಬಿಬಿಡುತ್ತವೆ. ಶನಿವಾರ ಮಧ್ಯಾಹ್ನ ನೀವು ಮೈಸೂರಿನ ಕಡೆಗೆ, ಅವರು ಇತ್ತ ಕಡೆಗೆ. ಮೈಸೂರು–ಕುಶಾಲನಗರ ರೈಲು ಮಾರ್ಗದ ಮಾತು ದಶಕಗಳಿಂದ ಇದೆ, ರೈಲು ಬಂದಿಲ್ಲ. ಹೆದ್ದಾರಿ ಅಗಲವಾಗುತ್ತದೆ, ರೈಲು ಬರುತ್ತದೆ ಎಂಬ ಭರವಸೆಯ ಮೇಲೆ ಇವತ್ತಿನ ತೀರ್ಮಾನ ಮಾಡಬೇಡಿ.

ಕೆ.ಆರ್. ನಗರದವರ ಕಥೆ ಬೇರೆ. ಅಲ್ಲಿಗೆ ರೈಲು ಇದೆ, ದೂರವೂ ಕಡಿಮೆ. ಮೈಸೂರು–ಹಾಸನ ಮಾರ್ಗದ ರೈಲಿನ ವೇಳೆ ನಿಮ್ಮ ಕೆಲಸದ ವೇಳೆಗೆ ಹೊಂದಿದರೆ ಮೈಸೂರಿನಲ್ಲೇ ಇದ್ದು ಓಡಾಡುವುದರಲ್ಲಿ ತಪ್ಪೇನೂ ಕಾಣುವುದಿಲ್ಲ. ರೈಲಿನಲ್ಲಿ ಕೂತು ಓದಬಹುದು, ಪೇಪರ್ ತಿದ್ದಬಹುದು. ಹುಣಸೂರು ನಡುವಿನ ಪ್ರಕರಣ. ಮೈಸೂರಿನಿಂದ ಸುಮಾರು 45 ಕಿಲೋಮೀಟರ್. ಗಂಡ ಮೈಸೂರಿನ ಹೆಬ್ಬಾಳದ ಕಾರ್ಖಾನೆಯಲ್ಲಿ, ಹೆಂಡತಿ ಪಿರಿಯಾಪಟ್ಟಣದ ಶಾಲೆಯಲ್ಲಿ ಅನ್ನುವಂಥ ಸಂಸಾರಕ್ಕೆ ಹುಣಸೂರಿನಲ್ಲಿ ಮನೆ ಮಾಡುವುದು ಬಹಳ ಒಳ್ಳೆಯ ದಾರಿ. ದಾರಿ ಇಬ್ಬರಿಗೂ ಹಂಚಿಹೋಗುತ್ತದೆ. ಒಬ್ಬರೇ ನಾಲ್ಕು ಗಂಟೆ ಸವೆಯುವುದು ತಪ್ಪುತ್ತದೆ.

ಎಚ್.ಡಿ. ಕೋಟೆ, ಸರಗೂರಿನ ಕಡೆಯವರು ಕಾಡನ್ನು ಮರೆಯಬಾರದು. ಅಂತರಸಂತೆಯಾಚೆ, ಹುಣಸೂರಿನ ವೀರನಹೊಸಹಳ್ಳಿಯ ಕಡೆ, ಮುಂಜಾನೆ ಮತ್ತು ಮುಸ್ಸಂಜೆ ಆನೆ ದಾಟುವ ಹೊತ್ತು. ನಾಗರಹೊಳೆ ಕಾಡಿನ ಗೇಟುಗಳು ಸಂಜೆ ಆರಕ್ಕೆ ಮುಚ್ಚುತ್ತವೆ. ಬಸ್ಸು ತಪ್ಪಿತೆಂದು ಮಬ್ಬಿನಲ್ಲಿ ಬೈಕ್ ಹತ್ತುವುದು ಬೇಡವೇ ಬೇಡ. ಕಾಡಂಚಿನ ಶಾಲೆಗಳ ಶಿಕ್ಷಕರಿಗೆ ನಾನು ಹೇಳುವುದು ಒಂದೇ, ಕೋಟೆಯಲ್ಲೋ ಹತ್ತಿರದ ದೊಡ್ಡ ಊರಿನಲ್ಲೋ ಉಳಿಯಿರಿ.

ವೈದ್ಯರು, ನರ್ಸ್‌ಗಳು, ಗ್ರಾಮ ಆಡಳಿತಾಧಿಕಾರಿಗಳ ವಿಷಯದಲ್ಲಿ ಮಾತು ಇನ್ನೂ ಗಂಭೀರ. ಕೇಂದ್ರಸ್ಥಾನದಲ್ಲಿ ವಾಸ ಮಾಡಬೇಕೆಂದು ಸುತ್ತೋಲೆ ಬಂದಾಗಲೆಲ್ಲ ಗೊಣಗುವುದು ಸಹಜ. ಆದರೆ ಹೆರಿಗೆ ನೋವು ಕಚೇರಿಯ ವೇಳೆ ನೋಡಿಕೊಂಡು ಬರುವುದಿಲ್ಲ. ಹೊಗೆಸೊಪ್ಪಿನ ಹೊಲದಿಂದ ಕತ್ತಲಲ್ಲಿ ಬರುವವನಿಗೆ ಹಾವು ಕಚ್ಚಿದರೆ ಆ ರಾತ್ರಿ ವೈದ್ಯರು ಊರಲ್ಲಿ ಇದ್ದಾರೋ ಇಲ್ಲವೋ ಅನ್ನುವುದರ ಮೇಲೆ ಜೀವ ನಿಂತಿರುತ್ತದೆ. 1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿದರು, ಮುಂದೆ ಎಚ್.ಡಿ. ಕೋಟೆಯ ಹಾಡಿಗಳ ನಡುವೆಯೇ ಉಳಿದು ಕೆಲಸ ಮಾಡಿದರು. ಕೆಂಚನಹಳ್ಳಿಯ, ಸರಗೂರಿನ ಆಸ್ಪತ್ರೆಗಳು ಬೆಳೆದದ್ದು ಹಾಗೆ. ಮೈಸೂರಿನಿಂದ ಬಂದು ಸಂಜೆ ಐದಕ್ಕೆ ಹಿಂದಿರುಗುವವರಿಂದ ಅಂಥ ಕೆಲಸ ಆಗುತ್ತಿತ್ತು ಎಂದು ನಾನು ನಂಬುವುದಿಲ್ಲ. ಶಿಕ್ಷಕರಿಗೂ ಇದೇ ಮಾತು. ಮಗು ಯಾಕೆ ಮೂರು ದಿನ ಶಾಲೆಗೆ ಬಂದಿಲ್ಲ ಎಂದು ಸಂಜೆ ಅವರ ಮನೆಯ ಜಗಲಿಯ ಮೇಲೆ ಕೂತು ಕೇಳಿದರೆ ತಿಳಿಯುತ್ತದೆ. ನಾಲ್ಕೂವರೆಯ ಬಸ್ಸು ಹಿಡಿಯುವವರಿಗೆ ಆ ಜಗಲಿ ಸಿಗುವುದಿಲ್ಲ.

ಹಾಗೆಂದು ಎಲ್ಲರೂ ಮನೆ ಬದಲಾಯಿಸಲು ಆಗುವುದಿಲ್ಲ, ಗೊತ್ತಿದೆ. ಮಗ ಎಸ್‌ಎಸ್‌ಎಲ್‌ಸಿಯಲ್ಲಿ ಇದ್ದರೆ, ಅಮ್ಮನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ಇದ್ದರೆ, ಮೈಸೂರು ಬಿಡುವುದು ಸರಿಯಲ್ಲ. ಅಂಥವರು ಮೈಸೂರಿನೊಳಗೇ ಜಾಗ ಬದಲಾಯಿಸಿ. ಹುಣಸೂರು ರಸ್ತೆಯಲ್ಲಿ ಓಡಾಡುವವರು ಹೂಟಗಳ್ಳಿ, ಇಲವಾಲದ ಕಡೆ ಬನ್ನಿ. ಕೋಟೆಗೆ ಹೋಗುವವರು ಮಾನಂದವಾಡಿ ರಸ್ತೆಯ ಶ್ರೀರಾಂಪುರದ ಕಡೆ ನೋಡಿ. ಸಿದ್ಧಾರ್ಥ ಬಡಾವಣೆಯಿಂದ ಹೊರಟು ದಿನಾ ಊರನ್ನೇ ಅಡ್ಡ ದಾಟುವ ಹೊತ್ತು ಉಳಿಯುತ್ತದೆ. ಅದೂ ಆಗದಿದ್ದರೆ, ವಾರದಲ್ಲಿ ಎರಡು ರಾತ್ರಿ ಉಳಿಯಲು ಕೊಪ್ಪದಲ್ಲೋ ಪಿರಿಯಾಪಟ್ಟಣದಲ್ಲೋ ಸಹೋದ್ಯೋಗಿಗಳು ಮೂವರು ಸೇರಿ ಒಂದು ರೂಮು ಮಾಡಿಕೊಳ್ಳಿ. ಇದರಿಂದ ವಾರಕ್ಕೆ ಎಂಟು ಗಂಟೆ ಉಳಿಯುತ್ತದೆ.

ಮನೆ ಹಿಡಿಯುವುದೆಂದು ತೀರ್ಮಾನಿಸಿದವರು ಹನ್ನೊಂದು ತಿಂಗಳ ಬಾಡಿಗೆ ಕರಾರು ಮಾಡಿಕೊಳ್ಳಿ. ದೊಡ್ಡ ಮೊತ್ತ ಕೊಟ್ಟು ಭೋಗ್ಯಕ್ಕೆ ಹಾಕಿಕೊಳ್ಳುವುದು, ಸೈಟು ಕೊಳ್ಳುವುದು ಮೊದಲ ವರ್ಷ ಬೇಡ. ವರ್ಗಾವಣೆ ಬಂದರೆ ಕೈ ಕಟ್ಟಿಹೋಗುತ್ತದೆ. ರುಜು ಹಾಕುವ ಮುನ್ನ ಒಂದು ಮಳೆಯ ಸಂಜೆ ಆ ಬೀದಿಯಲ್ಲಿ ನಡೆದು ನೋಡಿ. ನಲ್ಲಿಯಲ್ಲಿ ನೀರು ಯಾವ ಹೊತ್ತಿಗೆ ಬರುತ್ತದೆ, ಕರೆಂಟು ಎಷ್ಟು ಹೊತ್ತು ಹೋಗುತ್ತದೆ, ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂದು ಅಂಗಡಿಯವರನ್ನು ವಿಚಾರಿಸಿ. ಮನೆಯವರನ್ನೂ ಒಂದು ಸಲ ಕರೆದುಕೊಂಡು ಹೋಗಿ ತೋರಿಸಿ, ಅವರು ಒಪ್ಪಿದ ಮೇಲೆಯೇ ಅಡ್ವಾನ್ಸ್ ಕೊಡಿ.